ಮನೆಗೆ ಕಳಿಸಿದವರು ಮನೆಗೆ ಬರಲೇಬೇಕು

‘ಇನ್ನ ಮನಿಗೆ ಕರ್ಕೊಂಡ ಹೋಗ್ರಿ. ನಮ್ಮ ಕೈಯಾಗ ಏನೂ ಉಳಿದಿಲ್ಲ.’ ಹುಬ್ಬಳ್ಳಿ–ಧಾರವಾಡದ ದೊಡ್ಡ ಆಸ್ಪತ್ರೆಗಳಿಗೆ ಎಡತಾಕಿದ ಕುಟುಂಬಗಳಿಗೆ ಈ ಮಾತು ಹೊಸದಲ್ಲ. ಹೇಳುವ ವೈದ್ಯರಲ್ಲಿ ಕ್ರೌರ್ಯ ಇರುವುದಿಲ್ಲ. ಹೊರಗೆ ಇನ್ನೂ ನೂರು ರೋಗಿಗಳು ಕಾದಿರುತ್ತಾರೆ. ಆದರೆ ಮಾತಿನ ಎರಡನೇ ಭಾಗ ಸುಳ್ಳು. ರೋಗ ಗುಣವಾಗದಿದ್ದರೂ ನೋವು ಇಳಿಸಬಹುದು, ಏದುಸಿರು ತಗ್ಗಿಸಬಹುದು, ಹುಣ್ಣಿನ ವಾಸನೆ ಅಡಗಿಸಬಹುದು, ಮನೆಮಂದಿಯ ದಿಗಿಲು ಕಳೆಯಬಹುದು. ಇದನ್ನೆಲ್ಲ ಮಾಡಬಲ್ಲ ತಂಡ ಕಟ್ಟದೆ ರೋಗಿಯನ್ನು ಮನೆಗೆ ಕಳಿಸುವುದಕ್ಕೆ ಡಿಸ್ಚಾರ್ಜ್ ಎಂಬ ಹೆಸರು ಸಲ್ಲದು. ಅದು ನಡುನೀರಿನಲ್ಲಿ ಕೈಬಿಡುವುದು. ಹೀಗೆ ಕೈಬಿಟ್ಟದ್ದಕ್ಕೆ ರಾಜ್ಯ ಸರ್ಕಾರ, ವೈದ್ಯಕೀಯ ಕಾಲೇಜುಗಳು ಮತ್ತು ಉದ್ಯಮ ಮೂವರೂ ಹೊಣೆಗಾರರು ಎಂಬುದು ನಮ್ಮ ಸ್ಪಷ್ಟ ತೀರ್ಮಾನ.

ಈ ತೀರ್ಮಾನವನ್ನು ಧಾರವಾಡದಾಚೆಯ ಬೇಲೂರು ಕೈಗಾರಿಕಾ ಪ್ರದೇಶವನ್ನೇ ಕಣ್ಣೆದುರು ಇಟ್ಟುಕೊಂಡು ಬರೆಯಲು ಕಾರಣವಿದೆ. ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಿಗೆ ಹಬ್ಬಿರುವ ಈ ಪ್ರದೇಶದಲ್ಲಿ ಬಸ್ಸು ಕಟ್ಟುವ ಕಾರ್ಖಾನೆಯಿಂದ ಹಿಡಿದು ಸಣ್ಣ ವರ್ಕ್‌ಶಾಪ್‌ಗಳ ತನಕ ಬಗೆಬಗೆಯ ಘಟಕಗಳಿವೆ. ನೀರು ಮತ್ತು ನೆಲದ ನಿರ್ವಹಣೆ ಕಲಿಸುವ ವಾಲ್ಮಿ ಇಲ್ಲಿದೆ. ಐಐಟಿ ಧಾರವಾಡ ತನ್ನ ಮೊದಲ ವರ್ಷಗಳನ್ನು ಕಳೆದದ್ದು ಅದೇ ಆವರಣದಲ್ಲಿ. 2013ರಲ್ಲಿ ಕಾಯಂ ಪೀಠವಾದ ಹೈಕೋರ್ಟ್ ಇಲ್ಲಿಗೆ ಹತ್ತಿರದಲ್ಲೇ ಇದೆ. ರಸ್ತೆ, ವಿದ್ಯುತ್ತು, ನ್ಯಾಯ, ತಂತ್ರಜ್ಞಾನ ಎಲ್ಲವನ್ನೂ ಸರ್ಕಾರ ಈ ಕೆಲವೇ ಕಿಲೋಮೀಟರಿನೊಳಗೆ ತಂದು ನಿಲ್ಲಿಸಿದೆ. ಆದರೆ ಬೇಲೂರು, ಕೋಟೂರು, ಮುಮ್ಮಿಗಟ್ಟಿ, ನರೇಂದ್ರ, ಗರಗದ ಯಾವುದೋ ಮನೆಯಲ್ಲಿ ಕ್ಯಾನ್ಸರಿನ ಕೊನೆಯ ಹಂತದಲ್ಲಿ ಒಬ್ಬರು ರಾತ್ರಿಯಿಡೀ ನರಳುತ್ತಿದ್ದರೆ ಯಾವ ತಂಡ ಅವರ ಮನೆಗೆ ಬರುತ್ತದೆ? ಯಾವ ವಾರ ಬರುತ್ತದೆ? ಯಾವ ನಂಬರಿಗೆ ಫೋನ್ ಮಾಡಬೇಕು? ಜಿಲ್ಲಾಡಳಿತ ಬಹಿರಂಗವಾಗಿ ಉತ್ತರಿಸಲಿ. ಕಡತದಲ್ಲಿ ಇರುವ ಸೇವೆ ನರಳುವವನ ಮನೆಗೆ ಗೊತ್ತಿಲ್ಲವೆಂದರೆ ಆ ಮನೆಯ ಮಟ್ಟಿಗೆ ಅದು ಇಲ್ಲವೇ ಇಲ್ಲ.

ಇಂಥ ಮನೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ನೀತಿ ರೂಪಿಸುವವರು ಹತ್ತಿರದಿಂದ ನೋಡಬೇಕು. ವರ್ಷಗಟ್ಟಲೆ ಗುಟ್ಕಾ ಜಗಿದವನಿಗೆ ಬಾಯಿಯ ಕ್ಯಾನ್ಸರು. ಕೆನ್ನೆಯ ಗಡ್ಡೆ ಹೊರಗೆ ಒಡೆದಿದೆ. ಹುಣ್ಣಿನಿಂದ ಹೊಮ್ಮುವ ವಾಸನೆಗೆ ಅಕ್ಕಪಕ್ಕದವರು ಬರುವುದನ್ನು ಬಿಟ್ಟಿದ್ದಾರೆ, ಮಕ್ಕಳು ಅಪ್ಪನ ಹತ್ತಿರ ಸುಳಿಯುವುದಿಲ್ಲ, ಹಾಸಿಗೆ ಪಡಸಾಲೆಯಿಂದ ಹಿತ್ತಲಿಗೆ ಹೋಗಿದೆ. ಅನ್ನ ನುಂಗಲಾಗದು, ಮಾತು ತೊದಲುತ್ತದೆ, ನೋವಿಗೆ ನಿದ್ದೆ ಹತ್ತುವುದಿಲ್ಲ. ಹೆಂಡತಿ ಹಳೆಯ ಸೀರೆ ಹರಿದು ಹುಣ್ಣಿಗೆ ಒತ್ತಿ ಹಿಡಿಯುತ್ತಾಳೆ. ಬಟ್ಟೆ ಅಂಟಿಕೊಂಡು ಕೀಳುವಾಗ ರಕ್ತ ಬರುತ್ತದೆ. ತರಬೇತಿ ಪಡೆದ ನರ್ಸ್ ಒಬ್ಬರು ಈ ಮನೆಗೆ ಬಂದರೆ ಏನಾಗುತ್ತದೆ? ಉಪ್ಪುನೀರಿನಿಂದ ಹುಣ್ಣು ನೆನೆಸಿ, ಅಂಟಿದ ಬಟ್ಟೆಯನ್ನು ನೋಯದಂತೆ ಬಿಡಿಸಿ, ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಹುಣ್ಣಿನ ಮೇಲೆ ಉದುರಿಸುತ್ತಾರೆ. ಭೇದಿಗೆ ಕೊಡುವ, ಯಾವ ಔಷಧ ಅಂಗಡಿಯಲ್ಲೂ ಸಿಗುವ ಅಗ್ಗದ ಮಾತ್ರೆ ಅದು. ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ವಾಸನೆ ಇಳಿದರೆ ಹಾಸಿಗೆ ಮತ್ತೆ ಪಡಸಾಲೆಗೆ ಬರುತ್ತದೆ, ಮಕ್ಕಳು ಪಕ್ಕದಲ್ಲಿ ಕೂರುತ್ತಾರೆ. ಕೆಲವೇ ರೂಪಾಯಿಯ ಮಾತ್ರೆ, ಅದನ್ನು ಬಳಸಲು ಬಲ್ಲ ಒಂದು ಕೈ. ಇಷ್ಟಿಲ್ಲದ್ದಕ್ಕೆ ಒಬ್ಬ ಮನುಷ್ಯ ತನ್ನದೇ ಮನೆಯ ಹಿತ್ತಲಲ್ಲಿ ಒಂಟಿಯಾಗಿ ಸಾಯುವುದನ್ನು ಯಾವ ಸರ್ಕಾರವೂ ವಿಧಿಯ ಲೆಕ್ಕಕ್ಕೆ ಬರೆಯಬಾರದು.

ಹುಣ್ಣು ತೊಳೆದರೆ ಮಾತ್ರ ಸಾಲದು ಎಂಬುದೂ ಇದೇ ಮನೆಯಲ್ಲಿ ಗೊತ್ತಾಗುತ್ತದೆ. ನೋವಿಗೆ ಮಾರ್ಫಿನ್ ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂದು ನಿರ್ಧರಿಸಲು ವೈದ್ಯರು ಬೇಕು. ಒಂದೇ ಮಗ್ಗುಲಿಗೆ ಮಲಗಿ ಬೆನ್ನು ಹುಣ್ಣಾಗದಂತೆ ಹೊರಳಿಸುವುದನ್ನು, ತನ್ನ ಸೊಂಟ ಮುರಿದುಕೊಳ್ಳದೆ ಎತ್ತಿ ಕೂರಿಸುವುದನ್ನು ಮಗನಿಗೆ ಕಲಿಸಲು ಫಿಸಿಯೋಥೆರಪಿಸ್ಟ್ ಬೇಕು. ಸಾಲ ಎಷ್ಟಾಗಿದೆ, ಪಿಂಚಣಿಗೆ ಅರ್ಜಿ ಹಾಕಿದ್ದಾರೆಯೇ, ರೇಷನ್ ಕಾರ್ಡ್ ಯಾಕೆ ರದ್ದಾಗಿದೆ, ಮಗಳು ಶಾಲೆ ಬಿಟ್ಟಳೇ ಎಂದು ವಿಚಾರಿಸಿ ಕಚೇರಿಗೆ ಓಡಾಡಲು ಸಮಾಜ ಕಾರ್ಯಕರ್ತರು ಬೇಕು. ‘ಸರ, ಅವರಿಗೆ ಮಾತ್ರ ಹೇಳಬ್ಯಾಡ್ರಿ’ ಎಂದು ಬಾಗಿಲಾಚೆ ಕೈಮುಗಿಯುವ ಹೆಂಡತಿ, ಒಳಗೆ ಎಲ್ಲ ಗೊತ್ತಿದ್ದೂ ಗೊತ್ತಿಲ್ಲದಂತೆ ಮಲಗಿರುವ ಗಂಡ, ಇಬ್ಬರನ್ನೂ ಒಂದೇ ಮಾತಿಗೆ ತರಬಲ್ಲ ಆಪ್ತ ಸಮಾಲೋಚಕರು ಬೇಕು. ವಾರದ ನಡುವೆ ಬಂದು ಒಂದು ತಾಸು ಕುಳಿತು ಹೆಂಡತಿಗೆ ಸಂತೆಗೆ ಹೋಗಿಬರಲು ಬಿಡುವು ಕೊಡುವ ಊರಿನ ಸ್ವಯಂಸೇವಕರೂ ಬೇಕು. ಒಬ್ಬ ವೈದ್ಯ ಎಷ್ಟೇ ಜಾಣನಾದರೂ ಇದೆಲ್ಲವನ್ನೂ ಒಬ್ಬನೇ ಮಾಡಲಾರ. ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಮನ ಆರೈಕೆ, ತಂಡದ ಕೆಲಸ ಆಗಿರುವುದು ಈ ಕಾರಣಕ್ಕೆ.

ಈ ಆರೈಕೆಗೆ ಆಧುನಿಕ ರೂಪ ಕೊಟ್ಟ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದರು, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು, ಕೊನೆಗೆ ವೈದ್ಯಕೀಯ ಓದಿ ವೈದ್ಯೆಯಾದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಕೊನೆಗಾಲದ ರೋಗಿಗಳ ಆರೈಕೆಯ ಮನೆ, ತೆರೆದರು. ಮೈಯ ನೋವಿನೊಂದಿಗೆ ಮನಸ್ಸಿನ ಭಯ, ಮನೆಯ ಚಿಂತೆ, ಬದುಕಿನ ಅರ್ಥದ ಪ್ರಶ್ನೆ ಎಲ್ಲವೂ ಹೆಣೆದುಕೊಂಡಿರುತ್ತವೆ, ಒಂದನ್ನು ಬಿಟ್ಟು ಇನ್ನೊಂದನ್ನು ಇಳಿಸಲಾಗದು ಎಂಬುದು ಮೂರೂ ಕಸುಬು ಮಾಡಿ ಅವರು ಕಂಡುಕೊಂಡ ಸತ್ಯ. ಸಾವು ಹತ್ತಿರವಾದಾಗ ಮಾತ್ರ ಈ ಆರೈಕೆ ಎಂಬ ತಿಳಿವಳಿಕೆಯೂ ತಪ್ಪು. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವನ್ನೇ ನೋಡಿ. ರೋಗ ಪತ್ತೆಯಾದ ಹೊಸದರಲ್ಲೇ ಚಿಕಿತ್ಸೆಯ ಜೊತೆಗೆ ಈ ಆರೈಕೆಯೂ ಸಿಕ್ಕವರ ಬದುಕು ಹೆಚ್ಚು ನೆಮ್ಮದಿಯಾಗಿತ್ತು. ಅವರಲ್ಲಿ ಅರ್ಧದಷ್ಟು ಜನ 11.6 ತಿಂಗಳು ದಾಟಿ ಬದುಕಿದರು, ಬರೀ ಚಿಕಿತ್ಸೆ ಪಡೆದವರಲ್ಲಿ ಆ ಅವಧಿ 8.9 ತಿಂಗಳು. ಆರೈಕೆಯನ್ನು ಸೋಲಿನ ಒಪ್ಪಿಗೆ ಎಂದು ಕೊನೆಗೆ ತಳ್ಳುತ್ತ ಬಂದ ಪದ್ಧತಿಗೆ ಇದಕ್ಕಿಂತ ಕಟುವಾದ ಉತ್ತರ ಬೇಕಿಲ್ಲ.

ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 5.68 ಕೋಟಿ ಜನರಿಗೆ ಉಪಶಮನ ಆರೈಕೆ ಬೇಕಾಗುತ್ತದೆ, ಸಿಗುವುದು ನೂರರಲ್ಲಿ 14 ಮಂದಿಗೆ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇಕಾದವರಲ್ಲಿ ಬಹುಪಾಲು ಜನ ನಮ್ಮಂಥ ದೇಶಗಳಲ್ಲೇ ಇದ್ದಾರೆ. ಬಡ ದೇಶಕ್ಕೆ ಇದು ಸಾಧ್ಯವಿಲ್ಲ ಎನ್ನುವವರು ಪಕ್ಕದ ಕೇರಳವನ್ನು ನೋಡಬೇಕು. 1993ರಲ್ಲಿ ಕೋಯಿಕ್ಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ಆರಂಭಿಸಿದ ಸಣ್ಣ ನೋವು ನಿವಾರಣಾ ಘಟಕ ಊರಿಂದೂರಿಗೆ ಹಬ್ಬಿತು. ಮಲಪ್ಪುರಂ, ಕೋಯಿಕ್ಕೋಡು ಕಡೆಯ ಅಂಗಡಿಕಾರರು, ಆಟೊ ಚಾಲಕರು, ಕಾಲೇಜು ಹುಡುಗರು ತರಬೇತಿ ಪಡೆದು ತಮ್ಮ ತಮ್ಮ ಊರಿನ ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದರು. ಚಿಲ್ಲರೆ ಕಾಸು ಕೂಡಿಸಿ ಔಷಧ ತಂದರು. 2008ರಲ್ಲಿ ಕೇರಳ ಸರ್ಕಾರ ಇದನ್ನೇ ನೀತಿಯಾಗಿಸಿತು. ಪಂಚಾಯಿತಿ ತನ್ನ ಹಣದಿಂದ ನರ್ಸ್ ಇಟ್ಟುಕೊಂಡು ಮನೆಮನೆಗೆ ಕಳಿಸುವ ವ್ಯವಸ್ಥೆ ಬಂತು.

ಕನ್ನಡ ಮಾತಾಡುವ ಕಾಸರಗೋಡು ಸೀಮೆಗೂ ಅದು ತಲುಪಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಎಣ್ಮಕಜೆ, ಪಡ್ರೆಯಂಥ ಊರುಗಳಲ್ಲಿ ಮಾಡಿದ ಅನಾಹುತ ನಾಡಿಗೆಲ್ಲ ಗೊತ್ತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಲು ಹೇಳಿದಾಗ ಅವರ ಜೀವಮಾನದ ವೈದ್ಯಕೀಯ ಆರೈಕೆಯ ಮಾತನ್ನೂ ಎತ್ತಿತ್ತು. ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾವು ಹೇಳುತ್ತಿಲ್ಲ. ಪರಿಹಾರಕ್ಕಾಗಿ ಆ ಜನ ಮತ್ತೆ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಆದರೂ ಹಾಸಿಗೆ ಹಿಡಿದವರ ಮನೆಗೆ ಪಂಚಾಯಿತಿಯ ನರ್ಸ್ ಬರುವುದು ಅಲ್ಲಿ ಹಕ್ಕು. ಗಡಿ ದಾಟಿ ಈಚೆ ಬಂದರೆ ಅದೇ ಭಾಷೆಯ ಜನರಿಗೆ ಅದು ಅದೃಷ್ಟದ ಮಾತು. ಇಷ್ಟು ಅಂತರಕ್ಕೆ ಬಡತನ ಕಾರಣವಲ್ಲ, ಇಚ್ಛೆಯ ಕೊರತೆ ಕಾರಣ.

ನಮ್ಮಲ್ಲಿ ಮಾದರಿಗಳೇ ಇಲ್ಲವೆಂದಲ್ಲ. ಬೆಂಗಳೂರಿನ ಕರುಣಾಶ್ರಯ 1990ರ ದಶಕದಲ್ಲಿ ಮನೆಗೆ ಹೋಗಿ ಆರೈಕೆ ಮಾಡುತ್ತಲೇ ಶುರುವಾಗಿ, 1999ರಲ್ಲಿ ಹಾಸ್ಪಿಸ್ ತೆರೆಯಿತು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಂದ ಅದು ಹಣ ಪಡೆಯುವುದಿಲ್ಲ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಹುಬ್ಬಳ್ಳಿಯಲ್ಲಿ ಮಜೇಥಿಯಾ ಫೌಂಡೇಶನ್ ಹಾಸ್ಪಿಸ್ ನಡೆಸುತ್ತಿದೆ. ಇವರೆಲ್ಲ ನಾಡಿನ ಕೃತಜ್ಞತೆಗೆ ಅರ್ಹರು. ಆದರೆ ದಾನಿಗಳ ಒಳ್ಳೆಯತನವನ್ನು ತೋರಿಸಿ ಸರ್ಕಾರ ತನ್ನ ಹೊಣೆಯಿಂದ ಜಾರಿಕೊಳ್ಳಲಾಗದು. ದಾನ ಕೆಲವರಿಗೆ ತಲುಪುತ್ತದೆ. ಹಕ್ಕು ಎಲ್ಲರಿಗೂ ತಲುಪಬೇಕು.

ತಂಡದ ಆರೈಕೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ನಮ್ಮದೇ ಜಿಲ್ಲೆಯೊಂದರ ಹೆಣ್ಣುಮಗಳ ಬದುಕು ಸಾಕ್ಷಿಯಾಗಿದೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ನರ್ಸ್ ಆಗಿದ್ದ ಅರುಣಾ ಶಾನಭಾಗ, 1973ರ ನವೆಂಬರಿನಲ್ಲಿ ತಾವು ದುಡಿಯುತ್ತಿದ್ದ ಕೆಇಎಂ ಆಸ್ಪತ್ರೆಯಲ್ಲೇ ಭೀಕರ ದಾಳಿಗೆ ಒಳಗಾಗಿ ಮಿದುಳಿಗೆ ಹಾನಿಯಾಗಿ ಹಾಸಿಗೆ ಹಿಡಿದರು. 2015ರ ಮೇ 18ರಂದು ಕೊನೆಯುಸಿರೆಳೆಯುವ ತನಕ ಆ ಆಸ್ಪತ್ರೆಯ ನರ್ಸ್‌ಗಳು ಪಾಳಿಯ ಮೇಲೆ ಅವರನ್ನು ಉಣಿಸಿದರು, ಮೀಯಿಸಿದರು, ಮಗ್ಗುಲು ಬದಲಿಸಿದರು. ಒಂದು ತಂಡ ನಿವೃತ್ತವಾದರೆ ಇನ್ನೊಂದು ತಂಡ ಕೈಗೆತ್ತಿಕೊಂಡಿತು. ಸುಮಾರು ನಾಲ್ಕು ದಶಕ ಮಲಗಿದ ಮೈಯಲ್ಲಿ ಬೆನ್ನುಹುಣ್ಣು ಏಳದಂತೆ ನೋಡಿಕೊಂಡ ಅವರ ಸೇವೆಯನ್ನು 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮನಸಾರೆ ಮೆಚ್ಚಿತು. ಕೊನೆಗಾಲದ ರೋಗಿಯ ಸ್ಥಿತಿಯೇ ಬೇರೆ, ನಿಜ. ಆದರೆ ಗುಣವಾಗದವರಿಗೆ ಮಾಡಲು ಏನೂ ಇಲ್ಲ ಎನ್ನುವವರಿಗೆ ಆ ನರ್ಸ್‌ಗಳ ಪಾಳಿಪಟ್ಟಿಯೇ ಉತ್ತರ.

ಈಗ ಒಂದೊಂದೇ ಆರೋಪಕ್ಕೆ ಬರೋಣ. ಮೊದಲನೆಯದು ನೋವಿನ ಔಷಧದ್ದು. ತೀವ್ರ ಕ್ಯಾನ್ಸರ್ ನೋವಿಗೆ ಬಾಯಲ್ಲಿ ನುಂಗುವ ಮಾರ್ಫಿನ್ ಮಾತ್ರೆ ಜಗತ್ತು ಒಪ್ಪಿದ, ಬೆಲೆಯಲ್ಲಿ ಅಗ್ಗವಾದ ಮದ್ದು. ಅದಕ್ಕೆ ಬೇಕಾದ ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ಕೆಲವೇ ದೇಶಗಳಲ್ಲಿ ಭಾರತವೂ ಒಂದು. ನೀಮಚ್ ಮತ್ತು ಗಾಜೀಪುರದಲ್ಲಿ ಸರ್ಕಾರಿ ಕಾರ್ಖಾನೆಗಳೇ ಇವೆ. ಆದರೂ 1985ರ ಮಾದಕವಸ್ತು ಕಾಯ್ದೆಯ ಬಿಗಿಗೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ವೈದ್ಯರ ಒಂದಿಡೀ ಪೀಳಿಗೆ ಅದನ್ನು ಬರೆಯಲು ಕಲಿಯದೆ ನಿವೃತ್ತವಾಯಿತು. 2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿದಂತೆ ಆರು ಔಷಧಗಳ ದಾರಿ ಸಲೀಸು ಮಾಡಿತು. ಹಲವು ಲೈಸೆನ್ಸುಗಳ ಕಾಟ ತಪ್ಪಿತು. ಮಾನ್ಯತೆ ಪಡೆದ ಸಂಸ್ಥೆಗೆ ರಾಜ್ಯದ ಔಷಧ ನಿಯಂತ್ರಕರ ಒಂದು ಅನುಮತಿ ಸಾಕು. ಆದರೆ 2017ರಲ್ಲಿ ಲ್ಯಾನ್ಸೆಟ್ ಆಯೋಗ ಲೆಕ್ಕ ಹಾಕಿದಾಗ ಭಾರತದ ರೋಗಿಗಳಿಗೆ ಬೇಕಾದ ನೋವು ನಿವಾರಕದಲ್ಲಿ ಸಿಗುತ್ತಿದ್ದದ್ದು ನೂರಕ್ಕೆ ನಾಲ್ಕು ಪಾಲು. ಕಾನೂನು ಅಡ್ಡವಿದೆ ಎಂಬ ನೆಪ ಹತ್ತು ವರ್ಷಕ್ಕೂ ಹಿಂದೆಯೇ ಮುಗಿದಿದೆ. ಇನ್ನೂ ಮಾತ್ರೆ ಇಡದ ಸರ್ಕಾರಿ ಆಸ್ಪತ್ರೆ ಇದ್ದರೆ ಅಲ್ಲಿನ ಆಡಳಿತ ಕಾರಣ ಕೊಡಬೇಕು, ಜಿಲ್ಲಾ ಆರೋಗ್ಯಾಧಿಕಾರಿ ಅದನ್ನು ಕೇಳಬೇಕು. ವ್ಯಸನ ಅಂಟುತ್ತದೆ ಎಂಬ ಭಯಕ್ಕೂ ಇಲ್ಲಿ ಬುಡವಿಲ್ಲ. ಸರಿಯಾದ ಪ್ರಮಾಣದಲ್ಲಿ ಆರಂಭಿಸಿ, ನಾಲ್ಕು ತಾಸಿಗೊಮ್ಮೆ ಕೊಟ್ಟು, ಜೊತೆಗೆ ಮಲಬದ್ಧತೆಗೆ ಔಷಧ ಬರೆದು, ಪುಸ್ತಕದಲ್ಲಿ ಮಾತ್ರೆಯ ಲೆಕ್ಕ ಇಡುವ ತಂಡದ ಕಣ್ಗಾವಲಿನಲ್ಲಿ ಮಾರ್ಫಿನ್ ಸುರಕ್ಷಿತ. ದುರ್ಬಳಕೆ ತಡೆಯುವುದೂ ಆ ಲೆಕ್ಕದ ಪುಸ್ತಕವೇ.

ಎರಡನೇ ಆರೋಪ ರಾಜ್ಯ ಸರ್ಕಾರದ ಮೇಲೆ. ಕೇರಳ, ಮಹಾರಾಷ್ಟ್ರಗಳ ನಂತರ 2016ರಲ್ಲೇ ಕರ್ನಾಟಕ ಉಪಶಮನ ಆರೈಕೆಯ ನೀತಿ ರೂಪಿಸಿತು. 2012ರಿಂದ ಕೇಂದ್ರದ ರಾಷ್ಟ್ರೀಯ ಕಾರ್ಯಕ್ರಮವಿದೆ. 2018ರಲ್ಲಿ ಘೋಷಿಸಿದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಹನ್ನೆರಡು ಸೇವೆಗಳ ಪಟ್ಟಿಯಲ್ಲಿ ವೃದ್ಧರ ಆರೈಕೆಯ ಜೊತೆಗೆ ಉಪಶಮನ ಆರೈಕೆಯ ಹೆಸರೂ ಇದೆ. ಇಷ್ಟೆಲ್ಲ ಬರೆದಿಟ್ಟ ಮೇಲೂ ಹಣ ಹರಿಯುವ ದಾರಿ ಬದಲಾಗಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬ ಆಸ್ಪತ್ರೆಗೆ ದಾಖಲಾದರೆ ವರ್ಷಕ್ಕೆ ಐದು ಲಕ್ಷ ರೂಪಾಯಿಯ ತನಕ ನೆರವಿದೆ. ಅದೇ ರೋಗಿ ಮನೆಯಲ್ಲಿ ಮಲಗಿದರೆ ಡ್ರೆಸ್ಸಿಂಗ್ ಬಟ್ಟೆಗೂ ಮನೆಯವರೇ ಕಿಸೆಗೆ ಕೈ ಹಾಕಬೇಕು. ಕೊನೆಯ ವಾರಗಳಲ್ಲಿ ಹೊಲ ಅಡವಿಟ್ಟು, ಬಂಗಾರ ಮಾರಿ ಐಸಿಯು ಬಾಗಿಲಲ್ಲಿ ನಿಲ್ಲುವ ಕುಟುಂಬಗಳನ್ನು ಹೀಗೆ ವ್ಯವಸ್ಥೆಯೇ ಅಲ್ಲಿಗೆ ದೂಡುತ್ತಿದೆ.

ಗೌರವದಿಂದ ಸಾಯುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗ ಎಂದು 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಸಾರಿತು. 2023ರ ಜನವರಿಯಲ್ಲಿ, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಮುಂಗಡ ಉಯಿಲಿನ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿ 30ರಂದು ಕರ್ನಾಟಕ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಚೇತರಿಸುವ ಭರವಸೆ ಇಲ್ಲದ ರೋಗಿಯ ಜೀವರಕ್ಷಕ ಯಂತ್ರಗಳನ್ನು ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆಯ ಮೇಲೆ ತೆಗೆಯುವ ದಾರಿ ಅದು. ಆ ಆದೇಶವನ್ನು ನಾವು ಸ್ವಾಗತಿಸುತ್ತೇವೆ. ಆದರೆ ವೆಂಟಿಲೇಟರ್ ತೆಗೆದ ಮೇಲೆ ಉಸಿರು ಕಟ್ಟದಂತೆ ನೋಡಿಕೊಳ್ಳುವವರು ಯಾರು? ಯಂತ್ರ ಬೇಡ ಎಂದು ಮನೆಗೆ ಹೋದವರ ನೋವು ಇಳಿಸುವವರು ಯಾರು? ಆರೈಕೆಯ ತಂಡವಿಲ್ಲದ ಊರಿನಲ್ಲಿ ಯಂತ್ರ ಬಿಡುವ ಹಕ್ಕು ನರಳುವ ಹಕ್ಕಾಗಿ ಉಳಿಯುತ್ತದೆ. ಇಂಥ ಹಕ್ಕುಗಳ ವಾದ ನಡೆಯುವ ಧಾರವಾಡ ಹೈಕೋರ್ಟ್ ಪೀಠದ ನೆರೆಯ ಹಳ್ಳಿಗಳಲ್ಲೇ ಅದು ಮೊದಲು ಜಾರಿಗೆ ಬರಬೇಕು.

ಮೂರನೆಯದು ವೈದ್ಯಕೀಯ ಕಾಲೇಜುಗಳದ್ದು. ಅವಳಿ ನಗರಕ್ಕೆ ಶಿಕ್ಷಣದ ಕೊರತೆಯಿಲ್ಲ. 1957ರಲ್ಲಿ ಆರಂಭವಾಗಿ ಕಿಮ್ಸ್ ಎಂದೇ ಜನರ ಬಾಯಲ್ಲಿರುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಇಡೀ ಉತ್ತರ ಕರ್ನಾಟಕದ ಬಡವರ ಕೊನೆಯ ಆಸರೆ. ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ, ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಮತ್ತು ಜಿಲ್ಲಾ ಆಸ್ಪತ್ರೆ ಇವೆ. ಬೇಲೂರಿನಿಂದ ಕಿಮ್ಸ್‌ಗೆ ಇಪ್ಪತ್ತೈದು–ಮೂವತ್ತು ಕಿಲೋಮೀಟರು. ಒಂದು ವ್ಯಾನಿಗೆ ಮುಂಜಾನೆ ಹೊರಟು ಮಧ್ಯಾಹ್ನದೊಳಗೆ ನಾಲ್ಕಾರು ಮನೆ ಮುಗಿಸಿ ಬರಬಹುದಾದ ದೂರ. 2019ರಿಂದ ಜಾರಿಯಾದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಉಪಶಮನ ಆರೈಕೆಗೆ ಜಾಗವಿದೆ. ಅದನ್ನು ಕಪ್ಪು ಹಲಗೆಯ ಮೇಲೆ ಕಲಿಸಿ ಮುಗಿಸುವುದು ವಿದ್ಯಾರ್ಥಿಗೂ ಅನ್ಯಾಯ, ರೋಗಿಗೂ ಅನ್ಯಾಯ. ಇಂಟರ್ನ್ ಆಗಿರುವ ಪ್ರತಿಯೊಬ್ಬ ಹುಡುಗ, ಹುಡುಗಿ ಈ ವ್ಯಾನಿನಲ್ಲಿ ಕೂತು ಹಳ್ಳಿಯ ಪಡಸಾಲೆಗೆ ಹೋಗಲಿ. ಸಾಯುತ್ತಿರುವವರ ಪಕ್ಕದಲ್ಲಿ ಕೂತು ಅವರ ಮಾತು ಕೇಳಲಿ. ಡಿಸ್ಚಾರ್ಜ್ ಚೀಟಿಯ ಮೇಲೆ ಮನೆ ಆರೈಕೆ ತಂಡದ ಹೆಸರು ಮತ್ತು ಫೋನ್ ನಂಬರ್ ಬರೆಯದೆ ಗುಣವಾಗದ ರೋಗಿಯನ್ನು ಹೊರಗೆ ಕಳಿಸುವುದನ್ನು ಕರ್ತವ್ಯಲೋಪ ಎಂದೇ ಪರಿಗಣಿಸಬೇಕು.

ನಾಲ್ಕನೆಯದು ಕೈಗಾರಿಕೆಯ ಬಾಗಿಲಿಗೆ. ಬೇಲೂರಿನ ಶೆಡ್ಡುಗಳಲ್ಲಿ ದುಡಿಯುವವರಲ್ಲಿ ದೊಡ್ಡ ಪಾಲು ಸುತ್ತಲಿನ ಹಳ್ಳಿಗಳ ರೈತ ಮಕ್ಕಳು. ತಿಂಗಳ ಪಗಾರ 21,000 ರೂಪಾಯಿಯ ಮಿತಿಯೊಳಗಿದ್ದವರು ಇಎಸ್‌ಐ ವಿಮೆಯ ವ್ಯಾಪ್ತಿಗೆ ಬರುತ್ತಾರೆ. ಕಾರ್ಮಿಕನಿಗೇ ಕ್ಯಾನ್ಸರಿನಂಥ ರೋಗ ಬಂದರೆ, ಪಟ್ಟಿ ಮಾಡಿದ 34 ಕಾಯಿಲೆಗಳಡಿ ಎರಡು ವರ್ಷದ ತನಕ ವೇತನದ ಶೇ 80ರಷ್ಟು ಸಿಗುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಅದಕ್ಕೆ ಎರಡು ವರ್ಷ ಕೆಲಸದಲ್ಲಿ ಇದ್ದಿರಬೇಕೆಂಬ ಷರತ್ತಿದೆ. ಗುತ್ತಿಗೆದಾರ ಬದಲಾದಾಗಲೆಲ್ಲ ಹಾಜರಿ ಹರಿದುಹೋಗುವ ಕಾರ್ಮಿಕನಿಗೆ ಆ ಷರತ್ತೇ ಗೋಡೆಯಾಗುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಸಾಯುತ್ತಿರುವ ತಾಯಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವ ಮಗನಿಗೆ, ಮಗಳಿಗೆ ಈ ಕಾಯಿಲೆ ಭತ್ಯೆಯಲ್ಲಿ ಬಿಡಿಗಾಸೂ ಇಲ್ಲ. ‘ಒಂದ ದಿನಾ ರಜಾ ಹಾಕಿದ್ರ ಒಂದ ದಿನದ ಪಗಾರ ಹೋತು, ನಾಲ್ಕ ದಿನಾ ಹಾಕಿದ್ರ ನೌಕರಿನ ಹೋತು’ ಎಂಬುದು ಗುತ್ತಿಗೆ ಕಾರ್ಮಿಕರ ಲೆಕ್ಕಾಚಾರ. ಹಾಗಾಗಿ ಮಗ ರಾತ್ರಿ ಪಾಳಿ ಮುಗಿಸಿ ಬಂದು ತಾಯಿಯ ಪಕ್ಕ ಕೂರುತ್ತಾನೆ, ಇಲ್ಲವೇ ಸೊಸೆ ಹೊಲದ ಕೂಲಿ ಬಿಡುತ್ತಾಳೆ, ಮೊಮ್ಮಗಳು ಶಾಲೆ ಬಿಡುತ್ತಾಳೆ.

ಮಾಲೀಕರಿಗೆ ಇದು ತಮ್ಮ ಗೇಟಿನ ಹೊರಗಿನ ವಿಷಯ ಅನ್ನಿಸಬಹುದು. ಹಾಗೆ ಕೈತೊಳೆದುಕೊಳ್ಳಲು ನಾವು ಒಪ್ಪುವುದಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮು ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆನ್ನುತ್ತದೆ. ಆರೋಗ್ಯ ಸೇವೆ ಆ ಪಟ್ಟಿಯಲ್ಲಿದೆ. ಬಸ್ ತಂಗುದಾಣಕ್ಕೆ ಬಣ್ಣ ಬಳಿದು ಫಲಕ ಹಾಕುವುದಕ್ಕಿಂತ, ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಒಂದು ವ್ಯಾನು ಮತ್ತು ಒಬ್ಬ ಸಮಾಜ ಕಾರ್ಯಕರ್ತರ ಪಗಾರವನ್ನು ಐದು ವರ್ಷಕ್ಕೆ ವಹಿಸಿಕೊಳ್ಳುವುದು ಹೆಚ್ಚು ತೂಕದ ಕೆಲಸ. ಇಡೀ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು ಕೂಡಿ ಒಂದು ನಿಧಿ ಮಾಡಿದರೆ ಯಾವ ಒಂದು ಘಟಕಕ್ಕೂ ಭಾರವಾಗದು. ಅದರ ಜೊತೆಗೆ, ಮನೆಯಲ್ಲಿ ಕೊನೆಗಾಲದ ರೋಗಿ ಇರುವ ಕಾರ್ಮಿಕನಿಗೆ, ಅವನು ಗುತ್ತಿಗೆಯವನಾಗಿದ್ದರೂ, ವೇತನಸಹಿತ ಆರೈಕೆ ರಜೆ ಮತ್ತು ಪಾಳಿ ಬದಲಿಸಿಕೊಳ್ಳುವ ಅವಕಾಶ ಕೊಡಬೇಕು. ಕಾರ್ಮಿಕ ಸಂಘಗಳು ಮುಂದಿನ ವೇತನ ಮಾತುಕತೆಯಲ್ಲಿ ಬೋನಸ್ಸಿನ ಜೊತೆಗೆ ಈ ಬೇಡಿಕೆಯನ್ನೂ ಮೇಜಿನ ಮೇಲಿಡಲಿ.

ಆಕ್ಷೇಪಗಳು ನಮಗೆ ಗೊತ್ತು. ಉಳಿಸಬಹುದಾದವರನ್ನೇ ಉಳಿಸಲು ಹಣವಿಲ್ಲದಾಗ ಸಾಯುವವರಿಗೆ ಖರ್ಚು ಯಾಕೆ ಎಂದು ಕೇಳುವವರಿದ್ದಾರೆ. ಸಾಯುವವರಿಗೆ ಈಗಲೂ ಖರ್ಚಾಗುತ್ತಿದೆ, ಅದೂ ಅತ್ಯಂತ ದುಬಾರಿಯಾದ ಐಸಿಯು ಹಾಸಿಗೆಯ ಮೇಲೆ, ಅವರಿಗೆ ಯಾವ ನೆಮ್ಮದಿಯನ್ನೂ ಕೊಡದೆ. ಆ ಹಾಸಿಗೆ ಉಳಿಸಬಹುದಾದವರಿಗೆ ತೆರವಾಗಬೇಕಾದರೆ ಮನೆಯ ಆರೈಕೆ ಗಟ್ಟಿಯಾಗಬೇಕು. ನಮ್ಮದು ಕೂಡುಕುಟುಂಬದ ನಾಡು, ಮನೆಯವರು ನೋಡಿಕೊಳ್ಳುತ್ತಾರೆ ಎನ್ನುವವರೂ ಇದ್ದಾರೆ. ನೋಡಿಕೊಳ್ಳುತ್ತಾರೆ, ತಮ್ಮ ಪ್ರಾಣ ಒತ್ತೆಯಿಟ್ಟು ನೋಡಿಕೊಳ್ಳುತ್ತಾರೆ. ಅದರಲ್ಲೂ ಹೆಂಡತಿ, ಮಗಳು, ಸೊಸೆ. ಆದರೆ ಪ್ರೀತಿ ಇದ್ದ ಮಾತ್ರಕ್ಕೆ ಹುಣ್ಣು ತೊಳೆಯಲು ಬರುವುದಿಲ್ಲ, ಮಾರ್ಫಿನ್ ಕೈಗೆ ಸಿಗುವುದಿಲ್ಲ. ಕುಟುಂಬದ ಪ್ರೀತಿಯನ್ನು ಸರ್ಕಾರ ತನ್ನ ಗೈರುಹಾಜರಿಗೆ ಸಮಜಾಯಿಷಿಯಾಗಿ ಬಳಸುವುದು ನಿಲ್ಲಬೇಕು.

ಸಮಾಜದ ಪಾಲೂ ಇದೆ. ಈ ನೆಲಕ್ಕೆ ಕೂಡಿ ಕಟ್ಟುವುದು ಗೊತ್ತು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಬಡ ಮಕ್ಕಳು ನಾಡಿನ ದೊಡ್ಡ ಹುದ್ದೆಗಳಿಗೇರಿದರು. ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ಬಂದವರು ಹಸಿದು ಹೋಗುವುದಿಲ್ಲ. ಅನ್ನಕ್ಕೂ ಅಕ್ಷರಕ್ಕೂ ದಾಸೋಹ ಕಟ್ಟಿದ ಜನ ನೋವಿನ ಮನೆಗೂ ಅದನ್ನು ವಿಸ್ತರಿಸಬೇಕು. ಮಠಗಳು, ದರ್ಗಾಗಳು, ಚರ್ಚುಗಳು, ಜಾತ್ರಾ ಕಮಿಟಿಗಳು, ಸ್ತ್ರೀಶಕ್ತಿ ಸಂಘಗಳು ಊರಿಗೆ ಹತ್ತು ಸ್ವಯಂಸೇವಕರನ್ನು ತರಬೇತಿಗೆ ಕಳಿಸಿದರೆ ನರ್ಸ್‌ಗೆ ಬಲ ಬರುತ್ತದೆ. ಅದರ ಜೊತೆಗೆ ಊರು ಒಂದು ನಾಚಿಕೆಯನ್ನೂ ಬಿಡಬೇಕು. ಕ್ಯಾನ್ಸರು ಮುಟ್ಟಿದರೆ ಅಂಟುವ ರೋಗವಲ್ಲ. ಅದಾದವರ ಮನೆಗೆ ಹೋಗದೆ ಉಳಿಯುವುದಕ್ಕೆ ಯಾವ ಮಡಿಯ ಬೆಂಬಲವೂ ಇಲ್ಲ.

ಇನ್ನು ಆಗಬೇಕಾದ್ದು. ಬೇಲೂರು ಕೈಗಾರಿಕಾ ಪ್ರದೇಶ ಮತ್ತು ಸುತ್ತಲಿನ ಹಳ್ಳಿಗಳನ್ನು ಮೊದಲ ಘಟಕವಾಗಿ ಇಟ್ಟುಕೊಂಡು ಧಾರವಾಡ ಜಿಲ್ಲಾಡಳಿತ ಆರು ತಿಂಗಳೊಳಗೆ ಒಂದು ಮನೆ ಆರೈಕೆ ತಂಡವನ್ನು ರಸ್ತೆಗೆ ಇಳಿಸಬೇಕು. ವೈದ್ಯರು ಕಿಮ್ಸ್‌ನಿಂದ, ನರ್ಸ್‌ಗಳು ಆರೋಗ್ಯ ಇಲಾಖೆಯಿಂದ, ವಾಹನ ಮತ್ತು ಸಮಾಜ ಕಾರ್ಯಕರ್ತರು ಕಾರ್ಖಾನೆಗಳ ನಿಧಿಯಿಂದ, ಸಮಾಲೋಚಕರು ಡಿಮ್ಹಾನ್ಸ್‌ನಿಂದ ಬರಲಿ. ಹಾಸಿಗೆ ಹಿಡಿದವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರು ಮಾಡಲಿ. ಆ ಕೆಲಸಕ್ಕೆ ಅವರಿಗೆ ಪ್ರತ್ಯೇಕ ಭತ್ಯೆ ಸಿಗಲಿ, ಇರುವ ಹೊರೆಯ ಮೇಲೆ ಇನ್ನೊಂದು ಬಿಟ್ಟಿ ಹೊರೆ ಬೇಡ. ಜಿಲ್ಲಾ ಆಸ್ಪತ್ರೆ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾರ್ಫಿನ್ ದಾಸ್ತಾನು ಎಷ್ಟಿದೆ ಎಂಬುದು ಪ್ರತಿ ತಿಂಗಳು ಸೂಚನಾ ಫಲಕದಲ್ಲಿ ಕಾಣಬೇಕು. ಎಷ್ಟು ಮನೆಗೆ ತಂಡ ಹೋಯಿತು, ಎಷ್ಟು ಜನರ ನೋವು ಇಳಿಯಿತು ಎಂಬ ವರದಿ ಜಿಲ್ಲಾ ಪಂಚಾಯಿತಿಯ ಸಭೆಗೆ ಬರಬೇಕು. ಆರೋಗ್ಯ ಕರ್ನಾಟಕದ ಹಣ ಮನೆಯ ಹಾಸಿಗೆಗೂ ತಲುಪುವಂತೆ ರಾಜ್ಯ ಸರ್ಕಾರ ನಿಯಮ ಬದಲಿಸಬೇಕು. 2016ರ ನೀತಿಗೆ ಮುಂದಿನ ಬಜೆಟ್ಟಿನಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆ ಮತ್ತು ಮೊತ್ತ ಕಾಣಬೇಕು.

ಇದರಲ್ಲಿ ಹೊಸ ಸಂಶೋಧನೆ ಬೇಕಾದದ್ದು ಒಂದೂ ಇಲ್ಲ. ಔಷಧವಿದೆ, ಕಾನೂನಿದೆ, ನೀತಿಯಿದೆ, ತೀರ್ಪಿದೆ, ಕಾಲೇಜಿದೆ, ಕಾರ್ಖಾನೆಗಳ ಲಾಭವಿದೆ. ಇವನ್ನು ಒಂದೆಡೆ ಸೇರಿಸುವ ಕೆಲಸ ಬಾಕಿಯಿದೆ, ಅದು ಆಡಳಿತದ ಕೆಲಸ. ಪ್ರತಿ ತಿಂಗಳ ವಿಳಂಬಕ್ಕೂ ಯಾವುದೋ ಹಿತ್ತಲಲ್ಲಿ ಒಬ್ಬರು ಬೆಲೆ ತೆರುತ್ತಾರೆ. ಆರು ತಿಂಗಳ ನಂತರವೂ ತಂಡ ರಸ್ತೆಗೆ ಇಳಿಯದಿದ್ದರೆ ತಪ್ಪಿತಸ್ಥರು ಯಾರೆಂದು ತನಿಖೆ ಮಾಡಬೇಕಾಗಿಲ್ಲ. ಮಾಡಬೇಕಾದ ಕೆಲಸ ಯಾವುದು, ಅದು ಯಾವ ಹುದ್ದೆಯದು, ಯಾವ ಸಂಸ್ಥೆಯದು ಎಂಬುದನ್ನು ಇಲ್ಲಿ ಹೆಸರಿಸಿದ್ದೇವೆ. ಆ ದಿನ ಅವರಿಂದಲೇ ಉತ್ತರ ಕೇಳುತ್ತೇವೆ.